ತವರು ಕರೆಯದ ಪಂಚಮಿ

ರೊಟ್ಟಿ ಬಡಿಯುವಾಗ ದೊಡ್ಡವ್ವನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯುತ್ತಿತ್ತು. ಅವಳು ಮುಂಗೈಯಿಂದ ಒರೆಸಿಕೊಂಡರೆ ಹುಬ್ಬೆಲ್ಲ ಜೋಳದ ಹಿಟ್ಟು. ನಾನು ನಕ್ಕರೆ, "ನಗತೀ ಏನಬೇ? ಮೊದಲ ಉಣ್ಣು" ಎಂದು ಗದರುತ್ತಿದ್ದಳು.

ನಾನು ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿನಿ. ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡ ಹೆಂಗಸರ ಬಗ್ಗೆ ಪದವಿಯ ಅಧ್ಯಯನಕ್ಕೆಂದು ನವಲಗುಂದದ ಕಡೆಯ ಹಳ್ಳಿಗೆ ಹೋಗಿ, ದೊಡ್ಡವ್ವನ ಮನೆಯಲ್ಲಿ ಉಳಿದಿದ್ದೆ. ರಕ್ತಸಂಬಂಧವಲ್ಲ, ಊರೆಲ್ಲ ಕರೆಯುತ್ತಿದ್ದಂತೆ ನಾನೂ ಕರೆದೆ. ಮೊದಮೊದಲು ಯಾವ ಹೆಂಗಸೂ ನನ್ನೆದುರು ಬಾಯಿ ಬಿಡಲಿಲ್ಲ. ಆಗ ದೊಡ್ಡವ್ವನೇ ತನ್ನ ಹೊಲಕ್ಕೆ ಕರೆದೊಯ್ದು, ಹೆಸರಿನ ಬೆಳೆಯಲ್ಲಿ ಕಸ ತೆಗೆಯುತ್ತಿದ್ದವರಿಗೆ, "ಈ ಹುಡುಗಿ ಮುಂದ ನಾಚಬ್ಯಾಡ್ರಿ. ನಮ್ಮ ಬ್ಯಾನಿ ಕೇಳಾಕ ಬಂದಾಳ" ಎಂದಳು.

ಒಬ್ಬೊಬ್ಬರೇ ಹೇಳತೊಡಗಿದರು. ಬಿಳಿ ಸೆರಗು, ಹೊಟ್ಟೆನೋವು ಎಂದು ಹೋದವರಿಗೆಲ್ಲ ಒಂದೇ ಮಾತು: ಗರ್ಭಚೀಲ ಹಾಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ. ಯಾವ ದವಾಖಾನೆ ಎಂದು ಕೇಳಿದೆ. ಹೇಳುತ್ತಿದ್ದವಳು ದೊಡ್ಡವ್ವನ ಕಡೆ ನೋಡಿ ತಡವರಿಸಿದಳು. "ನಿಮ್ಮ ತಮ್ಮಾರ ದವಾಖಾನ್ಯಾಗ್ರಿ."

ದೊಡ್ಡವ್ವ ಬಗ್ಗಿ ಮತ್ತೆ ಕಸ ಕೀಳತೊಡಗಿದಳು. ಸಂಜೆ ಮನೆಗೆ ಬಂದವಳೇ ಸೊಸೆಯನ್ನು ಕರೆದು ನನ್ನೆದುರು ಕೂರಿಸಿದಳು. "ಇಕೀನೂ ನಾನ ತಮ್ಮನ ದವಾಖಾನಿಗೆ ಕರಕೊಂಡು ಹೋಗಿದ್ದೆ. ನಾ ಇದ್ರ ಮಾತಾಡೂದಿಲ್ಲ, ಹೊರಗ ಕುಂಡ್ರತೀನಿ" ಎಂದು ಕಟ್ಟೆಗೆ ಹೋದಳು.

ಸೊಸೆ ನನಗಿಂತ ಸ್ವಲ್ಪವೇ ದೊಡ್ಡವಳು. "ನನ್ನ ಯಾರ ಕೇಳಿದ್ರಿ? ಅತ್ತಿಯಾರು ಹೋಗೂಣು ಅಂದ್ರು, ಹೋದ್ನಿ" ಎಂದಳು. ಆಪರೇಷನ್ ಆದಾಗಿನಿಂದ ಸೊಂಟ ಹಿಡಿದುಕೊಂಡಿದೆ, ನೀರಿನ ಕೊಡ ಎತ್ತಲಾಗುವುದಿಲ್ಲ ಎಂದಳು. ಬಾಗಿಲು ತೆರೆದೇ ಇತ್ತು. ದೊಡ್ಡವ್ವನಿಗೆ ಎಲ್ಲವೂ ಕೇಳಿಸಿರಬೇಕು.

ಸುದ್ದಿ ಪೇಟೆಯ ದವಾಖಾನೆ ಮುಟ್ಟಿತು. ದೊಡ್ಡವ್ವನ ತಮ್ಮ, ಆ ಡಾಕ್ಟರು, ಕಾರಿನಲ್ಲಿ ಬಂದರು. "ಅಕ್ಕಾ, ಈ ಹುಡುಗೀನ ಇವತ್ತ ಕಳಸು."

"ನನ್ನ ಸೊಸಿಗೆ ಕ್ಯಾನ್ಸರ್ ಇತ್ತೇನು? ಹೌದು, ಇಲ್ಲ, ಅಷ್ಟ ಹೇಳು."

"ಮುಂದ ಆಗಬಹುದಿತ್ತು."

"ಹಂಗಾರ ನಂದೂ ತಗಿ. ನಿನ್ನ ಹೇಣ್ತೀದೂ ತಗಿ."

ಅವರು ಚಹಾ ಮುಟ್ಟದೆ ಎದ್ದು ಹೋದರು. ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ನಾಗರ ಪಂಚಮಿಗೆ ಆ ಸಲ ದೊಡ್ಡವ್ವನನ್ನು ಕರೆಯಲು ತವರಿನಿಂದ ಯಾರೂ ಬರಲಿಲ್ಲ. ಅವಳು ಹಬ್ಬದ ಶೇಂಗಾ ಉಂಡಿ ಕಟ್ಟಿ ನನಗೆ ತಿನ್ನಿಸಿದಳು. ತಾನು ಒಂದನ್ನೂ ಬಾಯಿಗಿಡಲಿಲ್ಲ. ನಾನು ಕೆಲಸ ಮುಗಿಯುವವರೆಗೂ ಅಲ್ಲೇ ಇದ್ದೆ. ನನಗೆ ಪದವಿ ಬಂತು. ವರದಿ ಕಾಲೇಜಿನ ಕಪಾಟು ಸೇರಿತು. ಆ ದವಾಖಾನೆ ಈಗಲೂ ನಡೆಯುತ್ತಿದೆ. ಅಕ್ಕ-ತಮ್ಮ ಮಾತ್ರ ಮತ್ತೆ ಮಾತಾಡಲೇ ಇಲ್ಲ.

ಹೋದ ಚಳಿಗಾಲ ದೊಡ್ಡವ್ವ ತೀರಿಕೊಂಡಳು. ಮಣ್ಣಿಗೆ ಹೋಗಿದ್ದೆ. ಡಾಕ್ಟರೂ ಬಂದು, ಗುಂಡಿಗೆ ಬಿಲ್ವಪತ್ರಿ ಹಾಕಿ, ದೂರ ನಿಂತಿದ್ದರು. ನಾನು ಹೊರಟಾಗ ಸೊಸೆ ಬಾಗಿಲವರೆಗೆ ಬಂದಳು.

"ಕಡೀಕ ಅತ್ತಿಯಾರು ನನ್ನ ಕೈ ಹಿಡಕೊಂಡು, ನಿನ್ನ ಟೊಂಕ ಇನ್ನೂ ನೋಯತೈತೇನ ಅಂತ ಕೇಳಿದ್ರು. ಇಲ್ಲರಿ ಅತ್ತಿ, ಆರಾಮ ಆಗೈತಿ ಅಂದ್ನಿ" ಎಂದಳು. ಆಮೇಲೆ ಸೊಂಟ ಹಿಡಿದು ಬಾಗಿಲಿಗೊರಗಿ, "ಮತ್ತೇನ ಹೇಳಬೇಕಿತ್ರಿ?" ಎಂದು ನನ್ನನ್ನೇ ಕೇಳಿದಳು.