ಗೆರೆ ಸಿಸ್ಟರ್

ಕಾಜಾ ಅಜ್ಜಿ ಆ ಸಿಸ್ಟರನ್ನು ಮೊದಲು ಕಂಡದ್ದು ಕಣ್ಣಾಸ್ಪತ್ರೆಯ ಇಂಜೆಕ್ಷನ್ ಕೋಣೆಯಲ್ಲಿ. ಐವತ್ತು ದಾಟಿದ ಹೆಂಗಸು ಬೆರಳಷ್ಟು ಸಣ್ಣ ಸಿರಿಂಜನ್ನು ದೀಪದ ಎದುರು ಹಿಡಿದು, ಉಸಿರು ಬಿಗಿಹಿಡಿದು ನಿಂತಿದ್ದರು. ಅಜ್ಜಿ ಮಂಚದ ಮೇಲೆ ಮಲಗಿಯೇ ಕಾದಳು. ಕಾದು ಸಾಕಾಯಿತು.

"ಅಷ್ಟು ಹೊತ್ತು ಏನ್ ನೋಡ್ತೀರ ಸಿಸ್ಟರ್? ಸೊಸೆ ತರುವಾಗ್ಲೂ ನಾನು ಇಷ್ಟು ನೋಡಿರ್ಲಿಲ್ಲ."

"ಅದಕ್ಕೇ ನಾನು ಸಿಕ್ಕಿದ್ದು," ಎಂದಳು ಬಾಗಿಲಲ್ಲಿ ನಿಂತಿದ್ದ ಸೊಸೆ.

ಸಿಸ್ಟರ್ ನಗಲಿಲ್ಲ. "ಕಣ್ಣೊಳಗೆ ಹೋಗೋದು ಒಂದೇ ಹನಿ ಅಮ್ಮ. ಗಾಳಿಗುಳ್ಳೆ ಉಳಿದ್ರೆ ಔಷಧಿ ಕಮ್ಮಿ, ಸಿರಿಂಜಿನ ಗೆರೆ ತಪ್ಪಿದ್ರೆ ಜಾಸ್ತಿ. ಎರಡೂ ಆಗಬಾರದು."

ಅವರು ಔಷಧಿಯನ್ನು ಗೆರೆಗೆ ತಂದು ಕೊಡುವರು, ಡಾಕ್ಟರು ಚುಚ್ಚುವರು. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಗೆರೆ ಸಿಸ್ಟರ್ ಎನ್ನುತ್ತಿದ್ದರು. ನೆಲ ಒರೆಸುವ ಆಯಾ ಆಗಿ ಸೇರಿ, ಓದಿ, ಪರೀಕ್ಷೆ ಕಟ್ಟಿ ನರ್ಸ್ ಆದವರು. ಕೈ ನಡುಗೀತು ಎಂದು ಕೆಲಸ ಮುಗಿಯುವವರೆಗೆ ಕಾಫಿ ಮುಟ್ಟುತ್ತಿರಲಿಲ್ಲ.

ಅಜ್ಜಿಗೆ ಎಡಗಣ್ಣು ಹೋಗಿ ಬಹಳ ವರ್ಷವಾಗಿತ್ತು. ಉಳಿದದ್ದು ಬಲಗಣ್ಣು, ಅದರ ಹಿಂಭಾಗದ ರೆಟಿನಾ ಪೊರೆಯಲ್ಲೂ ನೀರು ಜಿನುಗುತ್ತಿತ್ತು. ತಿಂಗಳಿಗೊಂದು ಇಂಜೆಕ್ಷನ್ ಅದನ್ನು ತಡೆದು ನಿಲ್ಲಿಸಿತ್ತು. ಆ ಕಣ್ಣಿನಿಂದಲೇ ಅವಳು ದರ್ಜಿಯ ಅಂಗಡಿಯಲ್ಲಿ ಕೂತು ಅಂಗಿಗಳ ಗುಂಡಿಗೆ ಕೈಯಲ್ಲಿ ಕಾಜಾ ಹಾಕುತ್ತಿದ್ದಳು; ಹೆಸರು ಬಂದದ್ದೂ ಅದರಿಂದಲೇ.

ನಾಲ್ಕನೆಯ ವರ್ಷ ಒಂದು ದಿನ ಸೂಜಿ ಹೊರಬಂದ ಕೂಡಲೇ ಅಜ್ಜಿ ಕೇಳಿದಳು, "ದೀಪ ಆರಿಸಿದ್ರಾ?"

ಯಾರೂ ಆರಿಸಿರಲಿಲ್ಲ. ಕಣ್ಣಿಗೆ ಕಲ್ಲು ತುರುಕಿದಂತೆ ನೋವು. ಡಾಕ್ಟರು ತಡಮಾಡದೆ ಕಣ್ಣಿನ ಮುಂಭಾಗದಿಂದ ಒಂದಿಷ್ಟು ನೀರು ತೆಗೆದರು. ಕತ್ತಲೆ ಮೊದಲು ಬೂದು ಬಣ್ಣಕ್ಕೆ ತಿರುಗಿತು. ಆಮೇಲೆ ಬೆರಳುಗಳ ನೆರಳು, ಆಮೇಲೆ ಡಾಕ್ಟರ ಕೋಟಿನ ಗುಂಡಿ. ಅಷ್ಟರಲ್ಲಿ ಸೊಸೆಯ ಕೈಯಲ್ಲಿ ಅಜ್ಜಿಯ ಉಗುರು ಊರಿ ಗುರುತಾಗಿತ್ತು.

"ಕಣ್ಣಿನ ಒತ್ತಡ ಏರಿತ್ತು. ಕೆಲವರಿಗೆ ಹೀಗಾಗುತ್ತೆ," ಎಂದರು ಡಾಕ್ಟರು. ಮಾತು ಅಲ್ಲಿಗೇ ಮುಗಿಯಬಹುದಿತ್ತು.

ಮರುದಿನ ಸಿಸ್ಟರ್ ದರ್ಜಿ ಅಂಗಡಿಗೇ ಬಂದರು. ಚೀಲದಿಂದ ಎರಡು ಖಾಲಿ ಸಿರಿಂಜು ತೆಗೆದು ಅಜ್ಜಿಯ ಮುಂದಿಟ್ಟರು. ಹಳೆಯದರಲ್ಲಿ ಒಳಗಿನ ಕಪ್ಪು ರಬ್ಬರಿನ ತಲೆ ಚಪ್ಪಟೆ. ಹಿಂದಿನ ದಿನ ಮೊದಲ ಸಲ ಬಳಸಿದ ಹೊಸದರಲ್ಲಿ ಅದು ಗುಮ್ಮಟದಂತೆ ಉಬ್ಬಿತ್ತು.

"ಇದರಲ್ಲಿ ಗುಮ್ಮಟದ ಬುಡ ಗೆರೆಗೆ ಬರಬೇಕು. ನಾನು ಹಳೇ ರೂಢಿಯಲ್ಲಿ ತುದಿ ತಂದು ನಿಲ್ಲಿಸಿದೆ. ಔಷಧಿ ಹೆಚ್ಚು ಹೋಯ್ತು ಅಮ್ಮ. ತಪ್ಪು ನಂದು."

ಊಟದ ಡಬ್ಬಿ ತಂದಿದ್ದ ಸೊಸೆ ಸಿಡಿದಳು. "ಅತ್ತೆಗೆ ಇರೋದೇ ಒಂದು ಕಣ್ಣು. ಅದರ ಮೇಲಾ ನಿಮ್ಮ ರೂಢಿ?"

"ನೀವು ಅನ್ನೋದು ಸರಿ," ಎಂದು ಸಿಸ್ಟರ್ ತಲೆ ತಗ್ಗಿಸಿದರು.

ಅಜ್ಜಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಬೇರೆ ಯಾರಿಗಾದ್ರೂ ಹೀಗೆ ಹೋಯ್ತಾ?"

"ಇಲ್ಲ. ಆ ಹೊಸ ಸಿರಿಂಜಿನ ಪೆಟ್ಟಿಗೆಯಲ್ಲಿ ಮೊದಲನೇದೇ ನಿಮ್ಮದು. ಉಳಿದದ್ದನ್ನ ತಡೆದೆ. ಡಾಕ್ಟರಿಗೂ ಬರೆದು ಕೊಟ್ಟಿದೀನಿ."

ಅಜ್ಜಿ ಮಡಿಲಲ್ಲಿದ್ದ ಅಂಗಿಯ ಕಾಜಾವನ್ನು ಬೆರಳಲ್ಲಿ ಸವರಿದಳು. ಒಂದು ನೂಲೆಳೆಯಷ್ಟು ಹೆಚ್ಚು ಕತ್ತರಿಸಿದರೂ ಕಾಜಾದಿಂದ ಗುಂಡಿ ಜಾರುತ್ತದೆ. ಅಂಥವನ್ನು ಅವಳು ಯಾರಿಗೂ ಹೇಳದೆ ಹೊಲಿದು ಮುಚ್ಚಿದ್ದುಂಟು. ಹೇಳಲು ಎದೆ ಬೇಕಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

"ಮುಂದಿನ ತಿಂಗಳೂ ನೀವೇ ತುಂಬಿ," ಎಂದಳು ಕೊನೆಗೆ. "ಬೇರೆಯವರಿಗೆ ಈ ಭಯ ಇನ್ನೂ ಬಂದಿರಲ್ಲ."

"ನಿಮಗೆ ತಲೆ ಕೆಟ್ಟಿದೆ ಅತ್ತೆ," ಎಂದಳು ಸೊಸೆ. ಆದರೂ ಮುಂದಿನ ತಿಂಗಳು ಅವಳೇ ಕರೆದುಕೊಂಡು ಹೋದಳು. ಅಂದು ಮಂಚದ ಮೇಲೆ ಮಲಗಿದಾಗ ಅಜ್ಜಿ ಸೊಸೆಯ ಸೆರಗು ಹಿಡಿದೇ ಇದ್ದಳು. ಸಿಸ್ಟರ್ ಗೆರೆಗೆ ತಂದ ಮೇಲೆ ಇನ್ನೊಬ್ಬ ನರ್ಸಿಗೆ ತೋರಿಸಿ, ಅವಳು "ಸರಿ" ಎನ್ನುವವರೆಗೆ ಡಾಕ್ಟರ ಕೈಗೆ ಕೊಡಲಿಲ್ಲ. ಅದೇ ಅಲ್ಲಿನ ಪದ್ಧತಿಯಾಯಿತು. ಎರಡು ವರ್ಷ ಹೀಗೆಯೇ ನಡೆಯಿತು, ಕಣ್ಣು ಉಳಿಯಿತು.

ನಿವೃತ್ತಿಗೆ ವಾರ ಉಳಿದಿದ್ದಾಗ ಸಿಸ್ಟರ್ ಅಜ್ಜಿಯ ಕಣ್ಣಿನ ಸುತ್ತ ಒರೆಸಿ, ಎಬ್ಬಿಸಿ ಕೂರಿಸಿದರು. ಕೈ ಬಿಡದೆ ಪಕ್ಕದಲ್ಲೇ ಕೂತರು.

"ಅಮ್ಮ, ನಾಳೆ ಹೊಸ ನರ್ಸ್ ಹುಡುಗಿಯರಿಗೆ ಕೊನೇ ಪಾಠ ಮಾಡ್ತೀನಿ. ಸಿರಿಂಜು ನಾನು ತೋರಿಸ್ತೀನಿ. ಆ ಕತ್ತಲೆ ಹೇಗಿತ್ತು ಅಂತ ನಾನು ಹೇಳೋಕಾಗಲ್ಲ. ನೀವು ಬಂದು, ನಾನು ಎದುರಿಗಿದೀನಿ ಅನ್ನೋ ಸಂಕೋಚಕ್ಕೆ ಏನೂ ಮುಚ್ಚಿಡದೆ ಅವರಿಗೆ ಹೇಳ್ತೀರಾ?"