ಫೊದೋರ್ ಬೆನೆದೆಕ್‌ನ ಅಚ್ಚುಹಲಗೆಗಳು

ಸೆಗೆಡ್ ಪಟ್ಟಣದ ಫೊದೋರ್ ಬೆನೆದೆಕ್ ತಾನು ಮರದಲ್ಲಿ ಕೆತ್ತಿದ್ದ ಮದುವಣಗಿತ್ತಿಯನ್ನು ಎಷ್ಟೋ ವರ್ಷಗಳ ಮೇಲೆ ಮತ್ತೆ ಕಂಡದ್ದು ಮೆಣಸಿನಪುಡಿಯ ಪೊಟ್ಟಣದ ಮೇಲೆ. ಮೀನಿನ ಸಾರಿಗೆಂದು ಹೆಂಡತಿ ಎತೆಲ್ಕ ಅದನ್ನು ಅಂಗಡಿಯಿಂದ ತಂದಿದ್ದಳು.

“ನೋಡಿ, ಇವಳು ನಿಮ್ಮವಳಲ್ವಾ?”

ಬೆನೆದೆಕ್ ಕನ್ನಡಕ ಹಾಕಿಕೊಂಡ. ಮುಸುಕಿನ ಮಡಿಕೆ, ಗಲ್ಲದ ಕೆಳಗಿನ ಸಣ್ಣ ಗೀರುಗಳು, ಎಲ್ಲವೂ ಅವನ ಉಳಿಯವೇ. ಆದರೆ ಅವಳ ಎಡಭುಜ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮದುಮಗನೂ ಇರಲಿಲ್ಲ.

“ಗಂಡನ್ನ ಎಲ್ಲಿ ಬಿಟ್ಟು ಬಂದಿದಾಳೆ?” ಎಂದ.

“ಉಪ್ಪಿನ ಪೊಟ್ಟಣದ ಮೇಲೆ ಸಿಕ್ತಾನೇನೋ, ನಾಳೆ ಹುಡುಕ್ತೀನಿ,” ಎಂದು ಎತೆಲ್ಕ ನಗಿಸಲು ನೋಡಿದಳು. ಅವನು ನಗಲಿಲ್ಲ.

ಬೆನೆದೆಕ್ ಗಾಡಿ ಮಾಡುವವನ ಮಗ. ಮರದ ಗುಣ ತಿಳಿದದ್ದು ಅಪ್ಪನಿಂದ, ಚಿತ್ರ ಕಲಿತದ್ದು ಬುಡಾಪೆಸ್ಟಿನ ಶಾಲೆಯಲ್ಲಿ. ಆಮೇಲೆ ಬದುಕೆಲ್ಲ ಪಂಚಾಂಗಕ್ಕೆ ತಿಂಗಳ ಚಿತ್ರ, ಔಷಧದ ಸೀಸೆಗೆ ಚೀಟಿ, ಸಾವಿನ ಪ್ರಕಟಣೆಗೆ ಬಾಗಿದ ಮರ, ಹೀಗೆ ಕೆತ್ತಿಕೊಂಡು ಬಂದ. ಅಂಥ ಕೆಲಸಕ್ಕೆ ಯಾರೂ ಕೆತ್ತಿದವನ ಹೆಸರು ಹಾಕುವುದಿಲ್ಲ. ಅವನೂ ಕೇಳಿರಲಿಲ್ಲ. ಅವನಿಗೆ ಬೇಕಿದ್ದದ್ದು ತನ್ನದೆನ್ನುವ ಒಂದೇ ಒಂದು ಪುಸ್ತಕ. ಅಜ್ಜಿ ಹೇಳುತ್ತಿದ್ದ ಘಟಸರ್ಪದ ಕಥೆಯನ್ನು ಮೊದಲಿಂದ ಕೊನೆಯವರೆಗೆ ಮರಸೇಬಿನ ಮರದ ಹಲಗೆಗಳಲ್ಲಿ ಕೆತ್ತಿದ. ಆ ಮದುವಣಗಿತ್ತಿಯೂ ಅದರೊಳಗಿನವಳೇ. ಹಲಗೆಗಳಿಂದ ಕಾಗದದ ಮೇಲೆ ಒತ್ತಿ ನೋಡಿದ್ದ ಮಾದರಿ ಅಚ್ಚುಗಳೆಲ್ಲ ಯುದ್ಧದಲ್ಲಿ ಸುಟ್ಟುಹೋದವು. ನೆಲಮಾಳಿಗೆಯ ಆಲೂಗಡ್ಡೆಯ ಅಡಿಯಲ್ಲಿದ್ದ ಹಲಗೆಗಳು ಉಳಿದವು.

ಯುದ್ಧ ಮುಗಿದ ಮೇಲೆ ಊರಿನ ಒಂದು ಸಣ್ಣ ಮುದ್ರಣಾಲಯ ಪುಸ್ತಕ ತರಲು ಒಪ್ಪಿ ಹಲಗೆಗಳನ್ನು ಕೊಂಡಿತು. ಕೆಲಸ ಶುರುವಾಗುವ ಮೊದಲೇ ಸರ್ಕಾರ ಮುದ್ರಣಾಲಯವನ್ನು ವಶಪಡಿಸಿಕೊಂಡಿತು. ಹಲಗೆಗಳೂ ಅದರ ಜೊತೆಗೆ ಹೋದವು. ಪ್ರತಿ ವರ್ಷ ಬೆನೆದೆಕ್ ಹೋಗಿ ಕೇಳುತ್ತಿದ್ದ, ಅವರು ಪ್ರತಿ ವರ್ಷ ಮುಂದಿನ ವರ್ಷದ ಯೋಜನೆಯಲ್ಲಿದೆ ಎನ್ನುತ್ತಿದ್ದರು. ಅವನು ನಂಬಿದ. ಮರಸೇಬಿನ ಹಲಗೆ ಒಣ ಜಾಗದಲ್ಲಿದ್ದರೆ ಒಂದು ತಲೆಮಾರಾದರೂ ಬಾಗುವುದಿಲ್ಲ, ಆದ್ದರಿಂದ ಕಾಯಬಹುದು ಎಂಬುದು ಅವನ ಲೆಕ್ಕ. ಗರಗಸ ಆ ಲೆಕ್ಕದಲ್ಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಂಡು ಮುದ್ರಣಾಲಯಕ್ಕೆ ಹೋದ. ಮೇಲ್ವಿಚಾರಕ ಗಾಶ್ಪಾರ್ ಬಡಗಿಯ ಮೇಜಿನ ಮುಂದೆ ನಿಂತಿದ್ದ.

“ಬನ್ನಿ ಮೇಷ್ಟ್ರೇ! ನಿಮ್ಮ ಹುಡುಗಿ ಈಗ ಮನೆಮನೇಲೂ ಇದಾಳೆ. ಪುಸ್ತಕ ಆಗಿದ್ರೆ ಇಷ್ಟು ಜನ ನೋಡ್ತಿದ್ರಾ?”

“ಅವಳ ಭುಜ ಎಲ್ಲಿ, ಗಾಶ್ಪಾರ್?”

“ಪೊಟ್ಟಣ ಕಿರಿದು, ಹಲಗೆ ಅಗಲ. ಏನ್ ಮಾಡ್ಲಿ?”

“ಪುಸ್ತಕ?”

ಗಾಶ್ಪಾರ್ ಮೇಜಿನ ಮೇಲಿನ ಧೂಳು ಒರೆಸಿದ. “ಯೋಜನೆಯಿಂದ ತೆಗೆದುಬಿಟ್ರು. ರಾಜರು, ರಾಣಿಯರು ಈಗ ಯಾರಿಗೆ ಬೇಕು ಅಂದ್ರು. ಹೇಳಿಕಳಿಸೋಣ ಅಂತಿದ್ದೆ. ಬಾಯಿ ಬರ್ಲಿಲ್ಲ.”

“ಹಾಗಾದ್ರೆ ಉಳಿದಿರೋ ಹಲಗೆಗಳನ್ನ ವಾಪಸ್ ಕೊಡು. ಮನೇಲೇ ಒಂದೊಂದು ಅಚ್ಚು ಒತ್ಕೊಳ್ತೀನಿ.”

“ಸರ್ಕಾರದ ಸ್ವತ್ತು, ಮೇಷ್ಟ್ರೇ. ಕೊಟ್ರೆ ನನ್ನನ್ನ ಒಳಗೆ ಹಾಕ್ತಾರೆ. ಇಲ್ಲೇ ಕದ್ದು ಒತ್ತೋಣ ಅಂದ್ರೆ ಕಾಗದ ಒಂದೊಂದು ಹಾಳೆಗೂ ಲೆಕ್ಕ ಕೇಳ್ತಾರೆ.”

ಮೇಜಿನ ಮೇಲೆ ಇನ್ನೊಂದು ಹಲಗೆ ಇತ್ತು. ಏಳು ತಲೆಯ ಘಟಸರ್ಪ, ಅದರ ಒಂದು ಕುತ್ತಿಗೆಯನ್ನು ಹಿಡಿದ ಕುರುಬರ ಹುಡುಗ. ಕತ್ತರಿಸಬೇಕಾದ ಕಡೆ ಗಾಶ್ಪಾರ್ ಸೀಮೆಸುಣ್ಣದಿಂದ ಗೆರೆ ಎಳೆದಿದ್ದ.

“ಕುಡಿತದ ವಿರುದ್ಧ ಕರಪತ್ರ,” ಎಂದ ಅವನು. “ಒಂದು ತಲೆ ಸಾಕಂತೆ. ಏಳು ತಲೆ ಕಂಡ್ರೆ ಕುಡುಕರು ನಿಜ ಅಂದ್ಕೊಂಡ್ಬಿಡ್ತಾರಂತೆ.”

ಬೆನೆದೆಕ್ ಗೆರೆಯನ್ನೇ ನೋಡಿದ. ಅದು ಸರ್ಪದ ಕಣ್ಣಿನ ಅಂಚಿಗೆ ತಾಗಿತ್ತು, ಮರದ ಎಳೆಗೆ ಓರೆಯಾಗಿತ್ತು. ಅಲ್ಲಿ ಕತ್ತರಿಸಿದರೆ ಹಲಗೆ ಕಣ್ಣಿನವರೆಗೂ ಸೀಳುತ್ತದೆ.

“ಇಲ್ಲಲ್ಲ,” ಎಂದ. “ಗರಗಸ ಇಲ್ಲಿ ಕೊಡು.”

“ಬೇಡಿ ಮೇಷ್ಟ್ರೇ, ನೀವು ಯಾಕೆ...”

“ನೀನು ಕೊಯ್ದ್ರೆ ತಲೆಯೂ ಉಳಿಯಲ್ಲ.”

ಗರಗಸ ಇಟ್ಟ. ತಲೆ ಉಳಿಯಬೇಕಾದರೆ ಹುಡುಗನ ಕೈಯನ್ನು ಮಣಿಕಟ್ಟಿನಲ್ಲಿ ಕತ್ತರಿಸಲೇಬೇಕಿತ್ತು. ಗರಗಸ ಹೋದ ದಾರಿಯಲ್ಲಿ ಒಂದು ಗೆರೆಯಷ್ಟು ಅಗಲದ ಮರ ಪುಡಿಯಾಗುತ್ತದೆ. ಎಂದಾದರೂ ತುಂಡುಗಳನ್ನೆಲ್ಲ ಹುಡುಕಿ ತಂದು ಪಕ್ಕಪಕ್ಕ ಇಟ್ಟರೂ ಗೆರೆ ಗೆರೆಗೆ ಕೂಡುವುದಿಲ್ಲ. ಇದು ಅವನಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಆದರೂ ಕೊನೆಯವರೆಗೆ ಕೊಯ್ದ. ಅಂಚನ್ನು ಉಜ್ಜಿ ನಯ ಮಾಡಿ ಗಾಶ್ಪಾರನ ಕೈಗಿಟ್ಟ.

ಅಂದಿನಿಂದ ಹಲಗೆ ಕತ್ತರಿಸುವುದಿದ್ದಾಗಲೆಲ್ಲ ಬೆನೆದೆಕ್‌ಗೆ ಹೇಳಿಕಳಿಸುವುದು ರೂಢಿಯಾಯಿತು. ರಾಣಿಯ ಕುದುರೆ ಹೋಯಿತು, ಅರಮನೆ ಹೋಯಿತು, ಅಜ್ಜಿಯ ಮುಖ ಕೊಟ್ಟಿದ್ದ ಮುದುಕಿಯೂ ಹೋದಳು. ಹೋಗಬೇಡಿ ಎಂದು ಎತೆಲ್ಕ ಮೊದಮೊದಲು ಜಗಳವಾಡಿದಳು, ಆಮೇಲೆ ಬಿಟ್ಟಳು. ಅವನು ಮನೆಯಿಂದ ತನ್ನದೇ ಗರಗಸ ಒಯ್ಯುತ್ತಿದ್ದ. ಅದರ ಹಲ್ಲು ಸಣ್ಣ, ಪುಡಿಯಾಗುವ ಮರ ಕಡಿಮೆ.