ಮರುದಿನ ಬಿಗಿದ ಸಾರಿ ಗಾರ್ಡ್

ನಿನ್ನ ಚೂಡಿದಾರದ ಶಾಲು ಚಕ್ರಕ್ಕೆ ಸಿಕ್ಕಿದ್ದು ನಿನ್ನ ಅಜಾಗ್ರತೆಯಿಂದಲ್ಲ, ವನಜಾ. ಬೈಕಿನ ಹಿಂದಿನ ಚಕ್ರದ ಪಕ್ಕದಲ್ಲಿದ್ದ ಸಾರಿ ಗಾರ್ಡನ್ನು ನಾನು ಬಿಚ್ಚಿಟ್ಟಿದ್ದೆ. ಇಪ್ಪತ್ತು ವರ್ಷ ಕಳೆದ ಮೇಲೆ ಹೇಳುತ್ತಿದ್ದೇನೆ — ಅದೂ ಕಾಗದದಲ್ಲಿ. ಎದುರು ಕುಳಿತು ಹೇಳುವ ಧೈರ್ಯ ನಿನ್ನ ಅಣ್ಣನಿಗೆ ಇಂದಿಗೂ ಇಲ್ಲ.

ಸೆಕೆಂಡ್ ಹ್ಯಾಂಡ್ ಬೈಕು. ಆ ಕಬ್ಬಿಣದ ಜಾಲರಿ ಇದ್ದರೆ ಸಂಸಾರಸ್ಥರ ಬೈಕಿನ ಹಾಗೆ ಕಾಣುತ್ತದೆಂದು ಗೆಳೆಯರು ಕಾಲೆಳೆದರು. ಎರಡು ಬೋಲ್ಟು, ಐದು ನಿಮಿಷ — ಬಿಚ್ಚಿ ಕಟ್ಟಿಗೆ ರಾಶಿಯ ಹಿಂದೆ ಹಾಕಿದೆ. ಇಪ್ಪತ್ತಮೂರರ ಶೋಕಿ, ಅಷ್ಟೇ.

ಅಂದು ಬೆಳಿಗ್ಗೆ ನಿನಗೆ ಬಸ್ಸು ತಪ್ಪಿತ್ತು. ಉಡುಪಿಯ ಟೈಲರ್ ಅಂಗಡಿಗೆ, ನಿನ್ನ ಕೆಲಸಕ್ಕೆ, ಬಿಡುತ್ತೇನೆಂದು ನಾನೇ ಹತ್ತಿಸಿಕೊಂಡೆ. ಕೆಮ್ಮಣ್ಣು ಪೇಟೆ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಹಿಂದಿನಿಂದ ನೀನು "ಅಣ್ಣಾ" ಎಂದೆ — ಅದೂ ಪೂರ್ತಿ ಬರಲಿಲ್ಲ. ತಿರುಗಿ ನೋಡಿದರೆ ನೀನು ರಸ್ತೆಯ ಮೇಲಿದ್ದೆ, ಬಲಗೈ ಮೈಯಡಿಗೆ ಸಿಕ್ಕಿತ್ತು. ಶಾಲು ಚಕ್ರದ ಕಡ್ಡಿಗಳಿಗೆ ಸುತ್ತಿಕೊಂಡಿತ್ತು, ಗಾರ್ಡ್ ಇರಬೇಕಾಗಿದ್ದ ಜಾಗದಲ್ಲೇ.

ನಿನ್ನನ್ನು ಆಸ್ಪತ್ರೆಗೆ ಸೇರಿಸಿ, ಕಾರ್ಕಳದ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಪ್ಪನಿಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ಅಂದು ಅಪ್ಪನಿಗೆ ರಜೆ ಸಿಗಲಿಲ್ಲ. ಮರುದಿನ ಅವರು ಮನೆ ಮುಟ್ಟುವ ಮೊದಲೇ ಗಾರ್ಡನ್ನು ಹುಡುಕಿ ತೆಗೆದು ಬಿಗಿದೆ. ಅಪ್ಪ ಬೈಕಿಗೆ ಒಂದು ಸುತ್ತು ಬಂದು ನೋಡಿದರು. ಸಂಜೆ ಆಸ್ಪತ್ರೆಯಲ್ಲಿ ನಿನ್ನನ್ನೇ ಕೇಳಿದರು.

"ಗಾರ್ಡ್ ಉಂಟಲ್ಲ. ಮತ್ತೆ ಹೇಗೆ ಸಿಕ್ಕಿತು? ಶಾಲು ಹಾರಲಿಕ್ಕೆ ಬಿಟ್ಟು ಕೂತಿದ್ದಿಯಾ?"

"ಸೊಂಟಕ್ಕೆ ಗಂಟು ಹಾಕಿದ ನೆನಪು ಅಪ್ಪ" ಎಂದೆ ನೀನು.

ಹೌದು, ನೀನು ಹಾಕಿದ್ದೆ. ಹತ್ತುವಾಗ ನಾನು ನೋಡಿದ್ದೆ. ಗಾಳಿಗೆ ಬಿಚ್ಚಿಕೊಂಡಿರಬೇಕು. ನಿನ್ನ ಮಂಚದ ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಮನೆಯವರೆಲ್ಲ ನಿನ್ನದೇ ತಪ್ಪೆಂದು ಹೇಳಿ ಹೇಳಿ, ನಿನಗೂ ನಿನ್ನ ನೆನಪಿನ ಮೇಲೆ ನಂಬಿಕೆ ಹೋಯಿತು. ಬಲಗೈ ಬೆರಳುಗಳನ್ನು ಮತ್ತೆ ಮಡಚಲಾಗಲಿಲ್ಲ. ಕತ್ತರಿ ಹಿಡಿಯುವ ಕೆಲಸವೂ ಅಲ್ಲಿಗೆ ಮುಗಿಯಿತು.

ಈಗ ಬೈಕ್ ಹತ್ತುವ ಹುಡುಗಿಯರನ್ನೆಲ್ಲ ನಿಲ್ಲಿಸಿ ಹೇಳುತ್ತೀ — "ಶಾಲು ಸರಿ ಕಟ್ಟಿಕೊಳ್ಳಿ, ನನ್ನ ಹಾಗೆ ಮಾಡಬೇಡಿ." ಎಷ್ಟೋ ಸಲ ನಾನು ಅಲ್ಲೇ ಇರುತ್ತೇನೆ. ನಾಚಿಕೆಯಾಗುತ್ತದೆ.

ಮೊನ್ನೆ ಎಡಗೈಯಲ್ಲಿ ಸೌಟು ಹಿಡಿದು ನನಗೆ ಸಾರು ಬಡಿಸುತ್ತಾ ನೀನೇ ವಿಷಯ ತೆಗೆದೆ.

"ನನ್ನಿಂದಾಗಿ ಆಗ ನಿನಗೂ ಎಷ್ಟು ತೊಂದರೆ ಆಯಿತು ಅಲ್ವಾ ಅಣ್ಣ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ."

ಆಗಲಾದರೂ ಹೇಳಬಹುದಿತ್ತು. "ಅದೆಲ್ಲ ಬಿಡು, ಎಂದೋ ಆದದ್ದು" ಎಂದೆ — ನಿನ್ನನ್ನು ಕ್ಷಮಿಸಿದವನ ಹಾಗೆ.